ಡಬ್ಬಿ ಉರುಳಿಸಿ, ಐಸ್‌ಕ್ರೀಂ ತಿನ್ನಿ

ಏಪ್ರಿಲ್ ಬಂತೆಂದರೆ ಕಾರವಾರದಲ್ಲಿ ಬಿಸಿಲಿಗಿಂತ ಬೆವರಿನ ಕಾಟ ಜಾಸ್ತಿ. ಫ್ಯಾನ್ ಕೆಳಗೆ ಕೂತರೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಘಟ್ಟದ ಮೇಲಿನ ಶಿರಸಿಯವರು ‘ನಮ್ಮಲ್ಲಿ ತಂಪಪ್ಪ’ ಎಂದು ಹೇಳಿಕೊಳ್ಳುತ್ತಿದ್ದ ಕಾಲವೂ ಹೋಯಿತು. ಇದರ ಮೇಲೆ ಮಕ್ಕಳಿಗೆ ರಜೆ. ಬೆಂಗಳೂರು, ಹುಬ್ಬಳ್ಳಿ, ಪುಣೆ ಎಂದು ಎಲ್ಲೆಲ್ಲಿಂದಲೋ ಬಂದ ಮೊಮ್ಮಕ್ಕಳು ಅಜ್ಜನಮನೆಯಲ್ಲಿ ತುಂಬಿಕೊಂಡಿರುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಬಿಸಿಲು ಇಳಿಯುವವರೆಗೆ ಸಮುದ್ರಕ್ಕೂ ಬಿಡುವ ಹಾಗಿಲ್ಲ, ತೋಟಕ್ಕೂ ಬಿಡುವ ಹಾಗಿಲ್ಲ. ಕೊನೆಗೆ ಎಲ್ಲರ ಕೈಗೂ ಮೊಬೈಲ್ ಬರುತ್ತದೆ, ಅಲ್ವಾ?

ಆ ಎರಡು ಮೂರು ಗಂಟೆಗೆ ಒಂದು ಕೆಲಸ ಇದೆ. ಇಲ್ಲಿ ಹೇಳುವ ಐಸ್‌ಕ್ರೀಂಗೆ ಮಶಿನ್ ಬೇಡ, ಫ್ರಿಜ್ ಕೂಡ ಬೇಡ. ಎರಡು ಸ್ಟೀಲ್ ಡಬ್ಬಿ, ಐಸ್, ಉಪ್ಪು, ಒಂದು ಗೋಣಿಚೀಲ, ಸುಮ್ನೆ ಕೂರಲಾಗದ ನಾಲ್ಕೈದು ಮಕ್ಕಳು. ಅಂಗಡಿಯದರಷ್ಟು ನುಣ್ಣಗೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬರಲಿ ಎಂದು ಒದ್ದಾಡಲೂ ಬೇಡಿ. ಒದ್ದಾಡಲು ಶುರುಮಾಡಿದರೆ ದೊಡ್ಡವರು ಡಬ್ಬಿ ಕಸಿದುಕೊಳ್ಳುತ್ತಾರೆ, ಮಕ್ಕಳು ಮತ್ತೆ ಮೊಬೈಲ್ ಹಿಡಿಯುತ್ತಾರೆ.

ಸಾಮಾನು ಕೂಡಿಸುವುದು

ಒಳಗಿನ ಡಬ್ಬಿ 1 ಲೀಟರಿನದು, ಮುಚ್ಚಳ ಬಿಗಿಯಾಗಿ ಕೂರಬೇಕು. ಹೊರಗಿನದು 5 ಲೀಟರಿನದು, ಉರುಟಾಗಿರಬೇಕು, ಚೌಕದ ಡಬ್ಬಿ ಉರುಳುವುದಿಲ್ಲ. ಒಳಗಿನದು ಸ್ಟೀಲೇ ಆಗಬೇಕು. ಪ್ಲಾಸ್ಟಿಕ್ ಡಬ್ಬಿ ಒಳಕ್ಕೆ ತಂಪು ಬಿಡುವುದಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಹುಡುಗರ ತಾಳ್ಮೆ ಮುಗಿದಿರುತ್ತದೆ.

ಐಸ್ ಸುಮಾರು 3 ಕೆ.ಜಿ. ಬೇಕು. ಕರಾವಳಿಯವರಿಗೆ ಇದು ಕಷ್ಟವೇ ಅಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ, ಅಲ್ಲಿಯವರೆಗೆ ಬಂದರಿನ ಹತ್ತಿರದ ಐಸ್ ಪ್ಲಾಂಟುಗಳು ನಡೆಯುತ್ತಲೇ ಇರುತ್ತವೆ. ಒಂದು ತುಂಡು ಬರ್ಫ ತಂದು ಗೋಣಿಯಲ್ಲಿ ಸುತ್ತಿ, ಒನಕೆಯಿಂದಲೋ ಸುತ್ತಿಗೆಯಿಂದಲೋ ಪುಡಿಮಾಡಿ. ಒಂದೇ ಮಾತು, ಮೀನಿಗೆ ಹಾಕುವ ಐಸು ತಿನ್ನುವುದಕ್ಕಲ್ಲ. ಅದು ಹೊರಗಿನ ಡಬ್ಬಿಯಲ್ಲಿ ಮಾತ್ರ ಇರಲಿ, ಒಂದು ಚೂರೂ ಹಾಲಿಗೆ ಬೀಳಬಾರದು. ಘಟ್ಟದ ಮೇಲಿನವರು ಎರಡು ದಿನ ಮೊದಲೇ ಫ್ರೀಜರಿನಲ್ಲಿ ಪಾತ್ರೆಗಟ್ಟಲೆ ನೀರಿಟ್ಟು ಮಾಡಿಕೊಳ್ಳಬಹುದು.

ಉಪ್ಪು ಮುಕ್ಕಾಲು ಕೆ.ಜಿ. ಇರಲಿ, ಅದೂ ಕಲ್ಲುಪ್ಪು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ತೆಗೆಯುವ ಉಪ್ಪು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಹರಳು ದಪ್ಪ, ಬೆಲೆಯೂ ಕಡಿಮೆ. ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದರೂ ಆಗುತ್ತದೆ, ಆದರೆ ಬೇಗ ಕರಗಿ ಡಬ್ಬಿಯ ತಳಕ್ಕೆ ಹೋಗಿಬಿಡುತ್ತದೆ.

ಐಸಿಗೆ ಉಪ್ಪು ಯಾಕೆ ಎಂದು ಮಕ್ಕಳು ಕೇಳದೇ ಇರುವುದಿಲ್ಲ, ಉತ್ತರ ತಯಾರಿರಲಿ. ಬರೀ ಐಸ್ ಕರಗುವುದು ಸೊನ್ನೆ ಡಿಗ್ರಿಯಲ್ಲಿ. ಸಕ್ಕರೆ ಹಾಕಿದ ಹಾಲು ಸೊನ್ನೆಗೆ ಗಟ್ಟಿಯಾಗುವುದಿಲ್ಲ, ಅದಕ್ಕೆ ಇನ್ನೂ ಎರಡು ಮೂರು ಡಿಗ್ರಿ ಕೆಳಗೆ ಇಳಿಯಬೇಕು. ಉಪ್ಪು ಬಿದ್ದರೆ ಐಸು ಸೊನ್ನೆಗಿಂತ ಕೆಳಗಿದ್ದರೂ ಕರಗುತ್ತದೆ, ಕರಗುವುದಕ್ಕೆ ಬೇಕಾದ ಶಾಖವನ್ನು ಪಕ್ಕದಲ್ಲಿ ಏನಿದೆಯೋ ಅದರಿಂದ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಇರುವುದು ನಮ್ಮ ಹಾಲಿನ ಡಬ್ಬಿ. ಲೆಕ್ಕ ಸರಿಯಾಗಿ ಕೂಡಿಬಂದರೆ ಉಪ್ಪು ಮತ್ತು ಐಸಿನ ಮಿಶ್ರಣ ಮೈನಸ್ 21 ಡಿಗ್ರಿವರೆಗೆ ಇಳಿಯುತ್ತದೆ. ಅಂಗಳದಲ್ಲಿ ಅಷ್ಟೆಲ್ಲ ಆಗುವುದಿಲ್ಲ, ಮೈನಸ್ 10ರ ಆಸುಪಾಸು ಬಂದರೂ ನಮ್ಮ ಕೆಲಸ ಆಯಿತು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ಕೈಯಲ್ಲಿ ತಿರುವುವ ಐಸ್‌ಕ್ರೀಂ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದರಲ್ಲಿದ್ದದ್ದೂ ಇದೇ ಐಸು, ಇದೇ ಉಪ್ಪು.

ಹಾಲು ಕಾಯಿಸುವುದು

ಅರ್ಧ ಲೀಟರ್ ಗಟ್ಟಿ ಹಾಲು ತೆಗೆದುಕೊಳ್ಳಿ. ಎಮ್ಮೆ ಹಾಲು ಸಿಕ್ಕರೆ ಬೇರೆ ಯೋಚನೆಯೇ ಬೇಡ, ಇಲ್ಲವಾದರೆ ಫುಲ್ ಕ್ರೀಮ್ ಪ್ಯಾಕೆಟ್. ಸಣ್ಣ ಉರಿಯಲ್ಲಿ ಕಾಯಿಸುತ್ತ ಮೂರನೇ ಒಂದು ಪಾಲು ಇಂಗಿಸಿ. 6 ದೊಡ್ಡ ಚಮಚ ಸಕ್ಕರೆ ಹಾಕಿ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ ಸುರಿದು, ಸೌಟಿನ ಹಿಂಬದಿಗೆ ಅಂಟುವಷ್ಟು ದಪ್ಪ ಆಗುವವರೆಗೆ ಕೈಯಾಡಿಸಿ. ಮನೆಯಲ್ಲಿ ಕೂವೆ ಹಿಟ್ಟು ಇದ್ದರೆ ಅದೂ ಆಗುತ್ತದೆ. ಈ ಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬಾಯಿಗೆ ಐಸಿನ ಹರಳು ಸಿಗುವುದು ಕಡಿಮೆ.

ಸಕ್ಕರೆ ಕಡಿಮೆ ಮಾಡೋಣ ಎಂದು ಅನ್ನಿಸುತ್ತದೆ. ಸ್ವಲ್ಪ ಮಾಡಿ, ತೀರಾ ಮಾಡಬೇಡಿ. ಐಸ್‌ಕ್ರೀಂ ಕಲ್ಲಾಗದಂತೆ ಮೆದುವಾಗಿ ಇಡುವುದೇ ಸಕ್ಕರೆ. ಜೊತೆಗೆ, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಬಿಸಿ ಹಾಲು ರುಚಿ ನೋಡಿದಾಗ ‘ಒಂಚೂರು ಜಾಸ್ತಿ ಆಯ್ತು’ ಅನ್ನಿಸಿದರೆ ಸರಿಯಾಗಿದೆ ಎಂದು ಅರ್ಥ.

ಹಾಲು ಆರಿದ ಮೇಲೆ ಕಾಲು ಕಪ್ ಕೆನೆ ಸೇರಿಸಿ ಕಡೆಯಿರಿ. ಪಾತ್ರೆಯನ್ನು ಬಾವಿನೀರಿನಲ್ಲಿ ಇಟ್ಟು ಪೂರ್ತಿ ತಣ್ಣಗೆ ಮಾಡಿ. ಬಿಸಿ ಹಾಲನ್ನೇ ಡಬ್ಬಿಗೆ ಸುರಿದರೆ ಅರ್ಧ ಐಸು ಅದನ್ನು ತಣಿಸುವುದಕ್ಕೇ ಖರ್ಚಾಗುತ್ತದೆ.

ಹಣ್ಣು ಯಾವುದು?

ಇಲ್ಲಿಂದ ಮಕ್ಕಳ ರಾಜ್ಯ. ಒಂದು ಕಾಗದ ಕೊಟ್ಟು ‘ನಿಮ್ಮ ಐಸ್‌ಕ್ರೀಂ ಅಂಗಡಿಯ ಬೋರ್ಡ್ ಬರೆಯಿರಿ’ ಎಂದು ಹೇಳಿ ನೋಡಿ. ‘ಹಲಸು ಬಾಂಬ್’, ‘ಅಜ್ಜಿ ಸ್ಪೆಶಲ್’, ‘ಯಾರೂ ತಿನ್ನಬಾರದ ಐಸ್‌ಕ್ರೀಂ’ ಎಂಬಂಥ ಹೆಸರುಗಳು ಹುಟ್ಟುತ್ತವೆ. ಹೆಸರು ಮೊದಲು, ರುಚಿ ಆಮೇಲೆ. ಆಗ ಆ ಹೆಸರಿಗೆ ತಕ್ಕದ್ದು ಏನು ಹಾಕಬೇಕೆಂದು ಅವರೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮೂಸುತ್ತಾರೆ. ಬಣ್ಣ ಬೇಕೆಂದರೆ ಹಿತ್ತಲಿನ ಬಸಳೆ ಬಳ್ಳಿಯ ಹಣ್ಣು ಹಿಂಡಿ ಎರಡು ಹನಿ ಬಿಡಿ, ನೇರಳೆ ಬಣ್ಣ ಬರುತ್ತದೆ. ಹಾಕಿದವರ ಕೈಗೂ ಬರುತ್ತದೆ.

ಮಾವಿನಲ್ಲಿ ನನ್ನ ಮತ ಅಂಕೋಲಾದ ಕರಿ ಇಶಾಡಕ್ಕೆ. 2023ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶಿಷ್ಟ ಬೆಳೆಗೆ ಕೊಡುವ ಗುರುತು) ಸಿಕ್ಕಿದ ಹಣ್ಣು ಇದು. ಟ್ಯಾಗ್ ಇರಲಿ ಬಿಡಲಿ, ಹಣ್ಣು ಮನೆಯಲ್ಲಿಟ್ಟರೆ ಅದರ ಪರಿಮಳ ಜಗಲಿಗೆ ಬರುತ್ತದೆ. ಕಡಿದು ಮಿಕ್ಸಿಗೆ ಹಾಕಬೇಡಿ. ತೊಟ್ಟು ಕಿತ್ತು, ಸೊನೆ ಒರೆಸಿ, ಹಣ್ಣನ್ನು ಅಂಗೈಯಲ್ಲಿ ಮೆತ್ತಗೆ ಹಿಸುಕುತ್ತ ರಸವನ್ನು ಪಾತ್ರೆಗೆ ಇಳಿಸಿ, ಗೊರಟನ್ನು ಚೀಪಲು ಕಿರಿಯರಿಗೆ ಕೊಡಿ. ಮೊಣಕೈವರೆಗೆ ಹಳದಿ ರಸ ಇಳಿಯದಿದ್ದರೆ ಅದು ಮಾವಿನ ಐಸ್‌ಕ್ರೀಂ ಮಾಡಿದಂತೆಯೇ ಅಲ್ಲ. ಒಂದು ಕಪ್ ರಸ ಈ ಅಳತೆಯ ಹಾಲಿಗೆ ಸಾಕು.

ಹಲಸಾದರೆ ತೊಳೆ ಗಟ್ಟಿಯಿರುವ ಬಕ್ಕೆ ಹಲಸು. ತೊಳೆಗಳನ್ನು ಸಣ್ಣಗೆ ಹೆಚ್ಚಿ ಜೋನಿ ಬೆಲ್ಲದಲ್ಲಿ (ನೀರುಬೆಲ್ಲದಲ್ಲಿ) ಹತ್ತು ನಿಮಿಷ ಬೇಯಿಸಿ ಆರಿಸಿ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವ ಇದೆ, ಎರಡೂ ತಣ್ಣಗಾದ ಮೇಲೆಯೇ ಬೆರೆಸಿ. ನಾನಂತೂ ಹಲಸಿಗೆ ದನದ ಹಾಲು ಹಾಕುವುದೇ ಇಲ್ಲ, ದಪ್ಪ ಕಾಯಿಹಾಲು ಹಾಕುತ್ತೇನೆ, ಒಂದು ಏಲಕ್ಕಿ ಜಜ್ಜುತ್ತೇನೆ. ತಿನ್ನುವಾಗ ಅರ್ಧ ಹಲಸಿನ ಕಡುಬು ತಿಂದ ಹಾಗೆ ಅನ್ನಿಸುತ್ತದೆ.

ಬನವಾಸಿ ಕಡೆಯ ಅನಾನಸು ಹಾಕುವುದಿದ್ದರೆ ಒಂದು ಎಚ್ಚರಿಕೆ. ಹಸಿ ಅನಾನಸಿನಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಗುಣ ಇದೆ, ಹಾಗೇ ಬೆರೆಸಿದರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದರೆ ಆ ಗುಣ ಹೋಗುತ್ತದೆ. ಮುರುಗಲು (ಕೋಕಂ) ಹುಳಿ ಹಣ್ಣು, ಹಾಲಿನ ಹತ್ತಿರ ಬರಲೇಬಾರದು. ಅದರ ಪಾನಕವನ್ನು ಕುಡಿಯುವುದಕ್ಕಿಂತ ಸ್ವಲ್ಪ ಸಿಹಿ ಮಾಡಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಲೋಟಗಳಲ್ಲಿ ಕಡ್ಡಿ ನಿಲ್ಲಿಸಿ ಫ್ರೀಜರಿಗಿಡಿ. ಕೆಂಪು ಕ್ಯಾಂಡಿ ಸಿದ್ಧ.

ಉರುಳಿಸುವ ಆಟ

ಒಳಡಬ್ಬಿಗೆ ಮಿಶ್ರಣ ಸುರಿಯಿರಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬೇಡಿ. ಗಟ್ಟಿಯಾಗುವಾಗ ಉಬ್ಬುತ್ತದೆ, ಗಾಳಿ ಸೇರುವುದಕ್ಕೂ ಜಾಗ ಬೇಕು. ಬಾಯಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ಒತ್ತಿ, ಸುತ್ತ ರಬ್ಬರ್ ಬ್ಯಾಂಡ್ ಬಿಗಿಯಿರಿ. ದೊಡ್ಡ ಡಬ್ಬಿಯ ತಳಕ್ಕೆ ಒಂದು ಪದರ ಐಸು, ಮೇಲೆ ಒಂದು ಹಿಡಿ ಉಪ್ಪು. ನಡುವೆ ಒಳಡಬ್ಬಿ ಇಟ್ಟು ಸುತ್ತಲೂ ಐಸು, ಉಪ್ಪು, ಐಸು, ಉಪ್ಪು ಎಂದು ಕಂಠದವರೆಗೆ ತುಂಬಿ ಮುಚ್ಚಿ. ಹಳೇ ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿ. ಗೋಣಿ ಇರುವುದು ಐಸು ಬೇಗ ಕರಗದಿರಲಿ ಎಂದು, ಕೈಗೆ ಚಳಿ ಸುಡದಿರಲಿ ಎಂದೂ. ಉಪ್ಪುನೀರು ಸೊನ್ನೆಗಿಂತ ಕೆಳಗಿರುತ್ತದೆ, ಅದರಲ್ಲಿ ಬರಿಗೈ ಅದ್ದಿ ಹಿಡಿಯುವ ಪಂದ್ಯ ಮಾತ್ರ ಆಡಿಸಬೇಡಿ.

ಈಗ ಅಡಿಕೆ ಅಂಗಳದ ಚಪ್ಪರದಡಿ ಮಕ್ಕಳನ್ನು ಎದುರುಬದುರು ಎರಡು ಸಾಲಾಗಿ ಕೂರಿಸಿ. ಡಬ್ಬಿಯನ್ನು ಈ ಸಾಲಿನಿಂದ ಆ ಸಾಲಿಗೆ ಉರುಳಿಸಬೇಕು. ನಿಯಮ ಅವರೇ ಮಾಡಿಕೊಳ್ಳಲಿ. ಕಾಲಲ್ಲಿ ತಳ್ಳುವುದು, ಕಣ್ಣುಮುಚ್ಚಿ ಹಿಡಿಯುವುದು, ಡಬ್ಬಿ ಬಂದಾಗ ಊರ ಹೆಸರು ಹೇಳುವುದು, ಹೊನ್ನಾವರ ಎಂದರೆ ಮುಂದಿನವರು ರಕಾರದಿಂದ ಶುರುವಾಗುವ ಊರು ಹುಡುಕುವುದು. ಡಬ್ಬಿ ನಿಲ್ಲಬಾರದು, ಅಷ್ಟೇ. ಆಟದ ಜೊತೆ ಅಸಲಿ ಕೆಲಸವೂ ಅದೇ. ಉರುಳುತ್ತಿದ್ದರೆ ಹಾಲಿನಲ್ಲಿ ಕಟ್ಟುವ ಐಸಿನ ಹರಳುಗಳು ದೊಡ್ಡದಾಗಲು ಪುರುಸೊತ್ತು ಸಿಗುವುದಿಲ್ಲ. ಒಂದೇ ಕಡೆ ಇಟ್ಟರೆ ಕುಲ್ಫಿಗಿಂತ ಗಟ್ಟಿ ಗೆಡ್ಡೆ ಆಗುತ್ತದೆ.

ಶಬ್ದ ಕೇಳುತ್ತಿರಿ. ಮೊದಮೊದಲು ಹೊರಗೆ ಐಸು ಗಲಗಲ, ಒಳಗೆ ಹಾಲು ಬುಳಬುಳ. ಹದಿನೈದು ನಿಮಿಷದ ಹೊತ್ತಿಗೆ ಬುಳಬುಳ ಸಣ್ಣದಾಗುತ್ತದೆ. ಆಗ ಒಮ್ಮೆ ಬಿಚ್ಚಿ. ಒಳಡಬ್ಬಿಯ ಮುಚ್ಚಳವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿಯೇ ತೆಗೆಯಿರಿ, ಅಂಚಿನಲ್ಲಿ ನಿಂತ ಒಂದು ಹನಿ ಉಪ್ಪುನೀರು ಬಿದ್ದರೂ ಎಲ್ಲರ ಶ್ರಮ ಮಣ್ಣುಪಾಲು. ಗೋಡೆಗೆ ಹೆಪ್ಪುಗಟ್ಟಿದ ಪದರವನ್ನು ಮರದ ಸೌಟಿನಿಂದ ಕೆರೆದು ನಡುವಿನ ಹಾಲಿಗೆ ಬೆರೆಸಿ, ಹೊರಗೆ ಮತ್ತಷ್ಟು ಐಸು, ಉಪ್ಪು ಹಾಕಿ ಮತ್ತೆ ಉರುಳಿಸಿ. ಕರಗಿದ ನೀರನ್ನು ಪೂರ್ತಿ ಚೆಲ್ಲಬೇಡಿ, ಡಬ್ಬಿಯ ಸುತ್ತ ತಂಪು ಮುಟ್ಟಿಸುವುದು ಆ ನೀರೇ. ಇನ್ನು ಹದಿನೈದು ಇಪ್ಪತ್ತು ನಿಮಿಷಕ್ಕೆ ಶಬ್ದ ಪೂರ್ತಿ ನಿಂತಿರುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಮಚಕ್ಕೆ ಬಗ್ಗುವಷ್ಟು ಮೆದು ಇದ್ದರೆ ಆಯಿತು. ಕೂಡಲೇ ತಿನ್ನಬೇಕು, ಕರಾವಳಿಯ ಸೆಕೆ ಕಾಯುವುದಿಲ್ಲ.

ಫ್ರಿಜ್ಜೇ ಸಾಕು ಎನ್ನುವವರಿಗೆ

ಅದೇ ಮಿಶ್ರಣವನ್ನು ಅಗಲ ಸ್ಟೀಲ್ ಡಬ್ಬಿಯಲ್ಲಿ ಫ್ರೀಜರಿಗಿಡಿ. ಮುಕ್ಕಾಲು ಗಂಟೆಗೊಮ್ಮೆ ತೆಗೆದು ಫೋರ್ಕಿನಿಂದ ಚೆನ್ನಾಗಿ ಕಡೆಯಿರಿ, ಮೂರು ಸಲ. ಆಮೇಲೆ ಮೇಲ್ಮೈಗೆ ತಾಗುವಂತೆ ಬಾಡಿಸಿದ ಬಾಳೆಲೆ ಮುಚ್ಚಿ ರಾತ್ರಿ ಬಿಡಿ. ಮುಚ್ಚಳ ಬಿಗಿ ಇರಲಿ. ಕಾರವಾರದ ಮನೆಗಳ ಫ್ರೀಜರಿನಲ್ಲಿ ಬಂಗಡೆಯೂ ಇರುತ್ತದೆ, ಕೆನೆ ಇರುವ ಪದಾರ್ಥ ವಾಸನೆ ಹೀರುವುದರಲ್ಲಿ ನಂಬರ್ ಒನ್. ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಕರೆಂಟಿನ ಭರವಸೆಯೂ ಇಲ್ಲ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡಿ ತಿನ್ನುವುದು ಬೇಡ.

ಯಾವುದರಲ್ಲಿ ತಿನ್ನುವುದು?

ಪ್ಲಾಸ್ಟಿಕ್ ಕಪ್ ತರುವ ಮೊದಲು ಹಿತ್ತಲಿಗೆ ಒಂದು ಸುತ್ತು ಹೋಗಿಬನ್ನಿ. ಉಜ್ಜಿ ತೊಳೆದ ತೆಂಗಿನ ಗರಟೆ ಒಳ್ಳೆಯ ಬಟ್ಟಲು. ಚಮಚಕ್ಕೆ ಹಲಸಿನ ಎಲೆ. ಬಲಿತ ಎಲೆಯೊಂದನ್ನು ತೊಳೆದು, ಅಗಲವಾದ ತುದಿಯ ಎರಡು ಅಂಚನ್ನು ಒಂದರ ಮೇಲೊಂದು ಮಡಚಿ ತೆಂಗಿನ ಕಡ್ಡಿಯಿಂದ ಚುಚ್ಚಿದರೆ ದೋಣಿಯ ಹಾಗೆ ನಿಲ್ಲುತ್ತದೆ. ಗಂಜಿ ಕುಡಿಯಲು ಅಜ್ಜಂದಿರು ಮಾಡಿಕೊಳ್ಳುತ್ತಿದ್ದದ್ದು ಇದನ್ನೇ. ಐದು ವರ್ಷದ ಮಗುವೂ ಎರಡು ಎಲೆ ಹರಿದ ಮೇಲೆ ಕಲಿಯುತ್ತದೆ.

ಕೋನ್ ಬೇಕೇ ಬೇಕು ಎಂದು ಹಟ ಹಿಡಿದರೆ ಶಿರಸಿಯ ತೊಡದೇವು ಇದೆಯಲ್ಲ! ಅಕ್ಕಿಹಿಟ್ಟು, ಕಬ್ಬಿನ ಹಾಲು ಕಲಸಿ, ಕವುಚಿಟ್ಟ ಮಡಕೆಯ ಬಿಸಿ ಬೆನ್ನಿಗೆ ಬಟ್ಟೆಯಿಂದ ಸವರಿ ತೆಗೆಯುವ ಆ ಕಾಗದದಂಥ ಸಿಹಿಯನ್ನು ಮುರಿದು ಐಸ್‌ಕ್ರೀಮಿಗೆ ಸಿಕ್ಕಿಸಿ. ಕರುಂ ಎನ್ನುತ್ತದೆ. ಮೇಲೆ ಹುರಿದ ಗೇರುಬೀಜ ಉದುರಿಸಿದರೆ ಪೇಟೆಯ ವೇಫರ್ ಯಾರಿಗೂ ನೆನಪಾಗುವುದಿಲ್ಲ.

ಕೊನೆಗೆ ದೊಡ್ಡ ಡಬ್ಬಿಯಲ್ಲಿ ಉಳಿಯುವ ಉಪ್ಪುನೀರು. ಅದನ್ನು ತುಳಸಿಕಟ್ಟೆಗೋ ಅಡಿಕೆ ಬುಡಕ್ಕೋ ಚೆಲ್ಲಿದರೆ ಗಿಡ ಸಾಯುತ್ತದೆ, ಮನೆಯ ಹಿರಿಯರಿಂದ ಬೈಗುಳವೂ ಸಿಗುತ್ತದೆ. ಅಗಲವಾದ ಹಳೇ ತಟ್ಟೆಗಳಿಗೆ ಸುರಿದು ಬಿಸಿಲಿನಲ್ಲಿ ಬಿಡಿ. ಎರಡು ಮೂರು ದಿನಕ್ಕೆ ನೀರು ಆರಿ ತಟ್ಟೆಯಲ್ಲಿ ಉಪ್ಪಿನ ಹರಳು ನಿಲ್ಲುತ್ತದೆ, ಅದನ್ನು ಕೆರೆದು ಡಬ್ಬಿಯಲ್ಲಿಟ್ಟರೆ ಮುಂದಿನ ಐಸ್‌ಕ್ರೀಮಿಗೆ ಅದೇ ಉಪ್ಪು ಆಗುತ್ತದೆ, ಅಡುಗೆಗೆ ಮಾತ್ರ ಬೇಡ.