28 ತೆಗೆದು 26 ಹಾಕಿದೆ: ನನ್ನ ಬುಲೆಟ್‌ನ ಕಾರ್ಬ್ ಅನುಭವ

ನನ್ನದು ಹಳೆಯ ಕಾಸ್ಟ್ ಐರನ್ (ಎರಕದ ಕಬ್ಬಿಣದ ಎಂಜಿನ್ನಿನ) ಬುಲೆಟ್ 350. ದಿನಾ ಉಡುಪಿಯಿಂದ ಮಣಿಪಾಲಕ್ಕೆ, ಭಾನುವಾರ ಹೆಬ್ರಿ ದಾಟಿ ಆಗುಂಬೆಗೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದಿತ್ತು, ಹಾಗಾಗಿ ಒಂದು ಅಳತೆ ದೊಡ್ಡ, ಅಂದರೆ ಮೊದಲ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಅದೇ ಹೊತ್ತಿಗೆ ಹೆಡ್ ಪೋರ್ಟ್‌ನ (ಎಂಜಿನ್ನಿಗೆ ಗಾಳಿ ಹೋಗಿ ಬರುವ ದಾರಿ) ಒಳಗಿದ್ದ ಗಂಟುಗಳನ್ನೂ ಉಜ್ಜಿಸಿದೆ, ಸೈಲೆನ್ಸರ್ ಸ್ವಲ್ಪ ಫ್ರೀ ಇರುವಂಥದ್ದು ಬಂತು. ವಾಲ್ವ್ ತೆರೆಸುವ ಕ್ಯಾಮ್ ಮುಟ್ಟಲಿಲ್ಲ. ಇಷ್ಟೇ ಕೆಲಸ.

ಕಾರ್ಬ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್. ಕಂಪನಿಯಿಂದ ಬಂದದ್ದು ಮಿಕ್‌ಕಾರ್ಬ್ ವಿಎಂ24; 24 ಅಂದರೆ ಅದರ ಬಾಯಿಯ ಅಗಲ, ಮಿ.ಮೀ.ನಲ್ಲಿ. ಹೈವೇಯಲ್ಲಿ ಪೂರ್ತಿ ತಿರುವಿದರೆ ಹೆಚ್ಚಿನ ಆರ್‌ಪಿಎಂನಲ್ಲಿ ಗಾಡಿ ಕಟ್ಟಿ ಹಾಕಿದ ಹಾಗೆ ಅನಿಸುತ್ತಿತ್ತು. ಬುಲೆಟ್ 500ಕ್ಕೆ ಬರುತ್ತಿದ್ದ 28 ಗೆಳೆಯನ ಹತ್ತಿರ ಸುಮ್ನೆ ಬಿದ್ದಿತ್ತು, ತಂದು ಕೂರಿಸಿದೆ. ನನ್ನ ಮೆಕ್ಯಾನಿಕ್ ಅಣ್ಣ ಆಗಲೇ ಕೇಳಿದ್ದರು, "ಎಂತಕ್ಕೆ ಮಾರಾಯ 28? ನೀನು ರೇಸಿಗೆ ಹೋಗ್ತೀಯಾ?" ನಾನು ಕೇಳಲಿಲ್ಲ.

ಸಂತೆಕಟ್ಟೆಯಿಂದ ಬ್ರಹ್ಮಾವರದವರೆಗೆ ಗಾಡಿ ಚೆನ್ನಾಗಿಯೇ ಹೋಯಿತು. ತೊಂದರೆ ಶುರುವಾದದ್ದು ಮಣಿಪಾಲದ ಏರಿನಲ್ಲಿ. ಇಂದ್ರಾಳಿ ಕಳೆದು ಮುಂದಿನ ಬಸ್ಸಿನ ಹಿಂದೆ ನಿಧಾನ ಮಾಡಿ, ಮೂರನೇ ಗೇರಿನಲ್ಲೇ ಒಮ್ಮೆ ಥ್ರಾಟಲ್ ಕೊಟ್ಟರೆ "ಬೊಕ್" ಅಂತ ಒಂದು ಸದ್ದು, ಅರ್ಧ ಸೆಕೆಂಡ್ ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಳೆತ. ಹಿಂದೆ ಹೆಂಡತಿ ಕೂತಿದ್ದಾಗ ಇದು ನಿಜಕ್ಕೂ ಅಪಾಯ. ಕಾರ್ಬ್‌ನ ಬಾಯಿ ತೆರೆದು ಮುಚ್ಚುವ ಸ್ಲೈಡ್ ಬದಲಾಯಿಸಿದೆ, ಕಟ್‌ಅವೇ (ಸ್ಲೈಡಿನ ಕೆಳಗಿನ ಕತ್ತರಿಸಿದ ಭಾಗ) ಕಡಿಮೆ ಇರುವುದನ್ನು ಹಾಕಿದರೆ ಕಾಲು ಥ್ರಾಟಲ್‌ವರೆಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಸಿಗುತ್ತದೆ ಅಲ್ವಾ, ಅದರಿಂದ ಸ್ವಲ್ಪ ಸುಧಾರಿಸಿತು. ಪೂರ್ತಿ ಹೋಗಲಿಲ್ಲ.

ಆಗ ಕೂತು ಲೆಕ್ಕ ಹಾಕಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಓವರ್‌ಸೈಜ್ ಬಿಟ್ಟುಬಿಡಿ, ಈ ಎಂಜಿನ್ನಿನ ಬೋರ್ 70 ಮಿ.ಮೀ., ಸ್ಟ್ರೋಕ್ 90. 2000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 6 ಮೀಟರ್. ಪಿಸ್ಟನ್ ಎಳೆಯುವ ಗಾಳಿಯೆಲ್ಲ ಕಾರ್ಬ್‌ನ ಆ ಸಣ್ಣ ಬಾಯಿಯಿಂದಲೇ ಬರಬೇಕು. 70ನ್ನು 24ರಿಂದ ಭಾಗಿಸಿ ಬಂದದ್ದರ ವರ್ಗ ಎಂಟೂವರೆ, ಅಂದರೆ ಥ್ರಾಟಲ್ ಪೂರ್ತಿ ತೆರೆದಾಗ 24ರ ಬಾಯಿಯಲ್ಲಿ ಗಾಳಿ ಪಿಸ್ಟನ್‌ಗಿಂತ ಅಷ್ಟು ಪಟ್ಟು ವೇಗ, ಸೆಕೆಂಡಿಗೆ ಸುಮಾರು 51 ಮೀಟರ್. 26ರಲ್ಲಿ ಅದು 43, 28ರಲ್ಲಿ 37. ಗಾಳಿ ನಿಧಾನವಾದಷ್ಟೂ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ತೂತು) ಪೆಟ್ರೋಲ್ ಎಳೆಯುವ ಶಕ್ತಿ ಕಡಿಮೆ, ಬಂದ ಪೆಟ್ರೋಲೂ ಹೊಗೆಯ ಹಾಗೆ ಒಡೆಯದೆ ಹನಿ ಹನಿಯಾಗಿ ಬರುತ್ತದೆ. ಆ "ಬೊಕ್" ಇದೇ. 28 ಅಂದರೆ ನಾಲ್ಕೇ ಮಿಲಿಮೀಟರ್ ಜಾಸ್ತಿ ಅನಿಸುತ್ತದೆ, ಆದರೆ ಬಾಯಿಯ ವಿಸ್ತೀರ್ಣ 24ಕ್ಕಿಂತ 36% ದೊಡ್ಡದು! 26ರದ್ದು 17% ಮಾತ್ರ.

ಆಮೇಲೆ ಬಂದ ಯುಸಿಇ ಎಂಜಿನ್ನಿನ 350ಗೆ 29 ಬಂದಿತ್ತಲ್ಲ ಅಂತ ನೀವು ಕೇಳಬಹುದು. ಅದು ಸಿವಿ, ಅಂದರೆ ಗಾಳಿಯ ವೇಗ ಕಾಯ್ದುಕೊಳ್ಳುವ ಕಾರ್ಬ್. ನಾವು ಎಷ್ಟೇ ತಿರುವಿದರೂ ಕಾರ್ಬ್‌ನ ಒಳಗಿನ ಪಿಸ್ಟನ್ ಎಂಜಿನ್ನಿನ ವ್ಯಾಕ್ಯೂಮ್ ನೋಡಿಕೊಂಡೇ ಏಳುತ್ತದೆ, ಹಾಗಾಗಿ ಗಾಳಿಯ ವೇಗ ಬೀಳುವುದಿಲ್ಲ. ವಿಎಂನಲ್ಲಿ ಕೇಬಲ್ ನೇರವಾಗಿ ಸ್ಲೈಡನ್ನೇ ಎತ್ತುತ್ತದೆ. ಎರಡನ್ನೂ ಬರೀ ಸೈಜ್ ನೋಡಿ ಹೋಲಿಸಬೇಡಿ.

ನನ್ನ ಓಡಾಟ ಹೆಚ್ಚಿನದೂ 2000ದಿಂದ 3500 ಆರ್‌ಪಿಎಂ ಒಳಗೆ. ಆದ್ದರಿಂದ 26 ತಂದೆ. ಕೂರಿಸುವಾಗ ಮ್ಯಾನಿಫೋಲ್ಡಿನ (ಕಾರ್ಬ್‌ನಿಂದ ಎಂಜಿನ್ನಿಗೆ ಹೋಗುವ ಕೊಳವೆ) ಒಳಗೆ ಬೆರಳು ಹಾಕಿ ನೋಡಿದೆ, ರಬ್ಬರ್ ಸೇರುವ ಕಡೆ ಉಗುರಿಗೆ ತಾಗುವಷ್ಟು ಮೆಟ್ಟಿಲು. ಅದನ್ನು ಅರದಿಂದ ನಯ ಮಾಡಿದ ಮೇಲೇ ಕ್ಲಾಂಪ್ ಬಿಗಿದದ್ದು.

ಜೆಟ್ಟಿಂಗ್‌ಗೆ, ಅಂದರೆ ಸರಿಯಾದ ಜೆಟ್ ಹೊಂದಿಸಲು, ಮೂರು ಭಾನುವಾರ ಹೋಯಿತು. ಥ್ರಾಟಲ್ ಗ್ರಿಪ್ಪಿನ ಪಕ್ಕ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ತೊಂದರೆ ಯಾವ ಗೆರೆಯಲ್ಲಿ ಅಂತ ಗೊತ್ತಾದರೆ ಯಾವುದನ್ನು ಮುಟ್ಟಬೇಕು ಅಂತಲೂ ಗೊತ್ತಾಗುತ್ತದೆ: ಐಡಲ್ ಹತ್ತಿರ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ನಡುವೆ ನೀಡಲ್ ಕ್ಲಿಪ್ (ಸ್ಲೈಡಿನ ಸೂಜಿಯ ಎತ್ತರ ಹೊಂದಿಸುವುದು), ಮುಕ್ಕಾಲರ ಮೇಲೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೇನ್ ಜೆಟ್ 115ರಿಂದ ಶುರು ಮಾಡಿ 105ಕ್ಕೆ ಇಳಿದೆ. ದೊಡ್ಡದರಿಂದ ಕೆಳಗೆ ಬನ್ನಿ, ಸಣ್ಣದರಿಂದ ಮೇಲೆ ಹೋಗಬೇಡಿ. ಪೆಟ್ರೋಲ್ ಕಡಿಮೆಯಾಗಿ ಓಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಅದೂ ನಮ್ಮ ಮಾರ್ಚ್ ಸೆಖೆಯಲ್ಲಿ.

ಫಿಲ್ಟರ್ ಬಾಕ್ಸ್ ಮಾತ್ರ ಕಂಪನಿಯದ್ದೇ ಇದೆ. ಜುಲೈ ಮಳೆಯಲ್ಲಿ ಬರೀ ಕೋನ್ ಫಿಲ್ಟರ್ ಹಾಕಿ ಓಡಿಸುವ ಧೈರ್ಯ ನನಗಿಲ್ಲ.

ಹೆಚ್ಚಿನ ಆರ್‌ಪಿಎಂನಲ್ಲಿ 28ರಷ್ಟು ಎಳೆತ ಇಲ್ಲ, ಅದು ನಿಜ. ಆದರೆ ಕಳೆದ ವಾರ ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದು ನಿಲ್ಲಬೇಕಾಯಿತು. ಇಬ್ಬರು ಕೂತ ಗಾಡಿ, ಅಷ್ಟು ಏರು. ಕ್ಲಚ್ ಬಿಟ್ಟು ಕಾಲು ಗೆರೆಯವರೆಗೆ ತಿರುವಿದೆ, ತಡೆಯದೆ ಎದ್ದು ಹೋಯಿತು. ಮನೆಗೆ ಬಂದು ಪ್ಲಗ್ ಬಿಚ್ಚಿದರೆ ಕಾಫಿಪುಡಿ ಬಣ್ಣ, ಅಂದರೆ ಗಾಳಿ-ಪೆಟ್ರೋಲ್ ಹದ ಸರಿಯಾಗಿದೆ.