ಆಫ್ರಿಕಾದ ಆರೋಗ್ಯ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ: ಹಣಕಾಸಿನ ನೆರವು ಪಡೆಯುವ ಬಗೆ

ಮೊದಲು ಹುಡುಕಬೇಕಾದದ್ದು ಫೆಲೋಶಿಪ್ ಅಲ್ಲ, ಪ್ರಶ್ನೆ. 'ಆಫ್ರಿಕಾದ ಆರೋಗ್ಯ ವ್ಯವಸ್ಥೆ' ಎಂಬಷ್ಟು ಅಗಲದ ಪ್ರಸ್ತಾವ ನಿಲ್ಲುವುದಿಲ್ಲ; ಅಲ್ಲಿ ದೇಶಕ್ಕೊಂದು ವ್ಯವಸ್ಥೆ. ಘಾನಾ 2003ರಲ್ಲೇ ರಾಷ್ಟ್ರೀಯ ಆರೋಗ್ಯ ವಿಮೆಗೆ ಕಾನೂನು ತಂದಿತು. ವಿಮೆ ಇದ್ದೂ ಅಲ್ಲಿನ ಬಡ ಕುಟುಂಬ ಔಷಧಿಗೆ ಕೈಯಿಂದ ಎಷ್ಟು ತೆರುತ್ತದೆ, ಏಕೆ? ಪ್ರಶ್ನೆ ಇಷ್ಟು ಕಿರಿದಾಗಲಿ. ಉತ್ತರಕ್ಕೆ ಬೇಕಾದ ಕುಟುಂಬ ಸಮೀಕ್ಷೆಯ ದತ್ತಾಂಶ ಕೈಗೆ ಸಿಗುತ್ತದೆಯೇ ಎಂದು ಆಗಲೇ ನೋಡಿಕೊಳ್ಳಿ.

ಆಮೇಲೆ ಮಾರ್ಗದರ್ಶಕರು. ಕೇಪ್‌ಟೌನ್ ವಿಶ್ವವಿದ್ಯಾಲಯದ ಆರೋಗ್ಯ ಅರ್ಥಶಾಸ್ತ್ರ ಘಟಕ, ಕೆನ್ಯಾದ ಕೆಮ್ರಿ-ವೆಲ್‌ಕಮ್ ವೈದ್ಯಕೀಯ ಸಂಶೋಧನಾ ಕೇಂದ್ರಗಳಿಂದ ಶುರುಮಾಡಿ. ಪತ್ರ ಒಂದೇ ಪುಟ: ಪ್ರಶ್ನೆ, ದತ್ತಾಂಶ, ವಿಧಾನ, ಸ್ಟೇಟಾ ಅಥವಾ ಆರ್ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ನೀವು ಮಾಡಿದ ಕೆಲಸ. ಹತ್ತು ಜನರಿಗೆ ಒಂದೇ ಪತ್ರ ಕಳಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ.

ಅರ್ಹತೆಯ ಸಾಲನ್ನು ಎರಡು ಸಲ ಓದಿ. ಉದಾಹರಣೆಗೆ, ಆಫ್ರಿಕಾದ ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಕೇಂದ್ರಗಳ ಒಕ್ಕೂಟವಾದ ಕಾರ್ಟಾ ಕೊಡುವ ಪಿಎಚ್‌ಡಿ ಫೆಲೋಶಿಪ್ ಅದರ ಸದಸ್ಯ ಆಫ್ರಿಕನ್ ಸಂಸ್ಥೆಗಳ ಸಿಬ್ಬಂದಿಗೆ ಮೀಸಲು. ಅದಕ್ಕೆ ಬೆಂಗಳೂರಿನಿಂದ ಹಾಕುವ ಅರ್ಜಿ ವ್ಯರ್ಥ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. 'ಪೂರ್ಣ ನೆರವು' ಎಂದಿದ್ದರೂ ಕ್ಷೇತ್ರಕಾರ್ಯ, ಅನುವಾದಕರ ಕೂಲಿ, ವೀಸಾ, ವಿಮೆ ಸೇರಿವೆಯೇ ಎಂದು ಬರಹದಲ್ಲಿ ಕೇಳಿ. ಕೆನ್ಯಾದಲ್ಲಾದರೆ ಸಂಶೋಧನಾ ನೀತಿ ಸಮಿತಿಯ ಒಪ್ಪಿಗೆಯ ಜೊತೆಗೆ ಅಲ್ಲಿನ ಸರ್ಕಾರಿ ವಿಜ್ಞಾನ ಆಯೋಗವಾದ ನಾಕೋಸ್ಟಿಯ ಸಂಶೋಧನಾ ಪರವಾನಗಿಯೂ ಬೇಕು. ಇವಕ್ಕೆ ಹಿಡಿಯುವ ತಿಂಗಳುಗಳನ್ನು ಪ್ರಸ್ತಾವದ ವೇಳಾಪಟ್ಟಿಯಲ್ಲೇ ತೋರಿಸಿ.