‘ನಿಲ್’ ಎಂದು ಹೊಡೆದ ಕಾಲಂ

1997ರ ಫೆಬ್ರವರಿ. ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ತೋಟದಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಿತ್ತು. ಕಾಫಿ ಒಣಗಿಸುವ ಕಣದ ಪಕ್ಕ, ಖಾಲಿ ಗೋಣಿಚೀಲಗಳ ಮೇಲೆ ಹೆಣ್ಣು ಕೂಸೊಂದು ಸಿಕ್ಕಿತು. ಹುಟ್ಟಿ ಹತ್ತು ದಿನ ಆಗಿರಬಹುದೆಂದು ಡಾಕ್ಟರು ಬರೆದರು. ಪೊಲೀಸ್ ಠಾಣೆ, ಬಾಲ ಕಲ್ಯಾಣ ಮಂಡಳಿ, ಅಲ್ಲಿಂದ ಮೈಸೂರಿನ ಒಂದು ಶಿಶುಗೃಹ. ಎಂಟು ತಿಂಗಳ ಮೇಲೆ ಆ ಸಂಸ್ಥೆಯವರು ಮಡಿಕೇರಿಯಲ್ಲಿ ವಕೀಲಿಕೆ ಮಾಡುತ್ತಿದ್ದ ನನ್ನನ್ನು ಹುಡುಕಿಕೊಂಡು ಬಂದರು. ಜರ್ಮನಿಯ ದಂಪತಿಯನ್ನು ಮಗುವಿನ ಪಾಲಕರನ್ನಾಗಿ ನೇಮಿಸುವಂತೆ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ತಕರಾರು, ತೋಟದ ಪಾಲು ಇಷ್ಟರಲ್ಲೇ ಮುಳುಗಿದ್ದ ನನಗೆ ಅದು ಈ ಜಾತಿಯ ಮೊದಲ ಕೇಸು.

ದತ್ತು ಎನ್ನದೆ ಪಾಲಕತ್ವ ಎಂದೇಕೆ ಕೇಳಬೇಕು ಅಂತ ನನ್ನ ಗುಮಾಸ್ತನೇ ಕೇಳಿದ್ದ. 1956ರ ದತ್ತು ಕಾಯ್ದೆ ಹಿಂದೂಗಳಿಗೆ ಮಾತ್ರ. ಬೇರೆಯವರಿಗೆ ಇದ್ದದ್ದು ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೊಂದೇ. ಇಲ್ಲಿಯ ಕೋರ್ಟು ಅವರನ್ನು ಪಾಲಕರು ಎನ್ನುತ್ತಿತ್ತು, ಮಗು ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ವಿಮಾನ ಹತ್ತುತ್ತಿತ್ತು, ದತ್ತು ಆಗುತ್ತಿದ್ದದ್ದು ಅವರ ದೇಶದ ಕೋರ್ಟಿನಲ್ಲಿ. ಈ ನಡುವಿನ ಅವಧಿಯಲ್ಲಿ ಮಗುವಿಗೆ ಏನಾದರೂ ಆದರೆ ಕೇಳುವವರು ಯಾರು? ಅದಕ್ಕೇ ಸುಪ್ರೀಂ ಕೋರ್ಟು 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಕಟ್ಟುನಿಟ್ಟಿನ ನಿಯಮ ಹಾಕಿತ್ತು: ಎರಡು ವರ್ಷದೊಳಗೆ ದತ್ತು ಆಗಬೇಕು, ಬಾಂಡ್ ಕೊಡಬೇಕು, ಮಗು ಹೇಗಿದೆಯೆಂದು ಅಲ್ಲಿಂದ ವರದಿ ಬರುತ್ತಿರಬೇಕು.

ನಾನು ಮಾಡಿದ ಮೊದಲ ಎಡವಟ್ಟು ಅರ್ಜಿಯನ್ನು ಮಡಿಕೇರಿಯಲ್ಲಿ ಹಾಕಿದ್ದು. ಮಗು ಸಿಕ್ಕಿದ್ದು ಕೊಡಗಿನಲ್ಲಿ, ಪೊಲೀಸ್ ಕಾಗದವೆಲ್ಲ ಇಲ್ಲಿಯದೇ. ಇನ್ನೇನು ಬೇಕು ಅಂದುಕೊಂಡೆ. ನ್ಯಾಯಾಧೀಶರು ಫೈಲಿನಿಂದ ತಲೆ ಎತ್ತದೆಯೇ, “ಮಗು ಈಗ ಎಲ್ಲಿ ವಾಸ ಇದೆ ವಕೀಲರೇ?” ಅಂದರು. 1890ರ ಆ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಅರ್ಜಿ ಹೋಗಬೇಕಾದ್ದು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೆ. ಮೈಸೂರಿನಲ್ಲಿ ಹಾಕಿಕೊಳ್ಳಿ ಎಂದು ವಾಪಸ್ ಕೊಟ್ಟರು. ಆರು ವಾರ ನೀರು ಪಾಲು. ಇನ್ನೊಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಸಿವಿಲ್ ಕೇಸಿನ ಅಭ್ಯಾಸಬಲದಿಂದ ಪತ್ರಿಕೆಗೆ ಪ್ರಕಟಣೆ ಕೊಡಲು ಹೊರಟಿದ್ದೆ. ಈ ಅರ್ಜಿಗಳ ನೋಟಿಸು ಪತ್ರಿಕೆಯಲ್ಲಿ ಬರಲೇಕೂಡದು, ವಿಚಾರಣೆಯೂ ಗುಟ್ಟಾಗಿಯೇ ನಡೆಯಬೇಕು ಎಂದು ಅದೇ ಪಾಂಡೆ ತೀರ್ಪಿನಲ್ಲಿತ್ತು.

ನೋಟಿಸು ಹೋಗುತ್ತಿದ್ದದ್ದು ಕೋರ್ಟಿಗೆ ನೆರವಾಗುವ ಪರಿಶೀಲನಾ ಸಂಸ್ಥೆಗೆ. ಅಲ್ಲಿಂದ ಬಂದ ಹಿರಿಯ ಹೆಂಗಸು ನನ್ನ ಅರ್ಜಿ ಓದುತ್ತ ಓದುತ್ತ ಒಂದು ಕಾಲಂನಲ್ಲಿ ಬೆರಳಿಟ್ಟರು. ಮಗುವಿನ ಹತ್ತಿರದ ಸಂಬಂಧಿಕರು ಯಾರು, ಎಲ್ಲಿದ್ದಾರೆ ಎಂದು ಸೆಕ್ಷನ್ 10 ಕೇಳುತ್ತದೆ. ನಾನು ‘ನಿಲ್’, ಅಂದರೆ ಯಾರೂ ಇಲ್ಲ, ಎಂದು ಟೈಪು ಹೊಡೆಸಿದ್ದೆ.

“ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಪತ್ತೆಯಾಗಿಲ್ಲ ಅನ್ನಿ. ಅದೂ ಯಾರನ್ನು ಕೇಳಿ ಪತ್ತೆಯಾಗಿಲ್ಲ?”

ಪೊಲೀಸ್ ವರದಿ ತೆಗೆದು ನೋಡಿದೆ. ‘ವಾರಸುದಾರರು ಪತ್ತೆಯಾಗಿರುವುದಿಲ್ಲ’ ಎಂದು ಒಂದೇ ಸಾಲು. ತಾರೀಕು ಏಪ್ರಿಲ್ ಎರಡನೇ ವಾರದ್ದು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಕೊಯ್ಲಿಗೆ ಬಂದವರೆಲ್ಲ ಊರು ಸೇರಿದ ಮೇಲೆ ಕೂಲಿಯವರ ಖಾಲಿ ಲೈನ್‌ಮನೆಗೆ ಹೋಗಿ ಕೇಳಿದ್ದರು!

1998ರ ಜನವರಿಯಲ್ಲಿ, ಮತ್ತೆ ಕೊಯ್ಲು ಶುರುವಾದಾಗ, ಶಿಶುಗೃಹದ ಸಮಾಜ ಕಾರ್ಯಕರ್ತೆಯ ಜೊತೆ ಆ ತೋಟಕ್ಕೆ ಹೋದೆ. ತೋಟದ ಲೆಕ್ಕ ಬರೆಯುವ ರೈಟರು ಹಿಂದಿನ ವರ್ಷದ ಚೆಕ್‌ರೋಲ್ ತೆಗೆದರು. ಹುಣಸೂರು ಕಡೆಯ ಮೂರು ತಂಡ, ಹೆಸರುಗಳ ಮುಂದೆ ಹಾಜರಿ ಗೀಟು. ಒಬ್ಬಳ ಗೀಟು ಫೆಬ್ರವರಿ ಮೊದಲ ವಾರದಲ್ಲಿ ನಿಂತು ಹೋಗಿತ್ತು. ಮೇಸ್ತ್ರಿಯನ್ನು ಕೇಳಿದರೆ, “ಅವ್ಳು ಈ ವರ್ಷ ಬಂದಿಲ್ಲ ಸ್ವಾಮಿ. ಊರು ಸರಿಯಾಗಿ ಗೊತ್ತಿಲ್ಲ, ಯಾರೋ ಕರ್ಕೊಂಡು ಬಂದಿದ್ರು” ಅಂದ. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಆ ಹೆಸರನ್ನು ಮಂಡಳಿಗೆ ಕೊಟ್ಟೆವು, ಗುಟ್ಟಾಗಿ ವಿಚಾರಣೆಯೂ ಆಯಿತು. ಫಲ ಸಿಗಲಿಲ್ಲ. ಅವಳೇ ತಾಯಿ ಎಂದು ನಾನು ಇವತ್ತಿಗೂ ಹೇಳಲಾರೆ. ಜ್ವರ ಬಂದು ಊರಿಗೆ ಹೋದವಳೂ ಇರಬಹುದು. ಕಾಲಂನಲ್ಲಿ ‘ಪತ್ತೆಯಾಗಿಲ್ಲ’ ಎಂದು ತಿದ್ದಿ, ಯಾರನ್ನು, ಎಂದು, ಎಲ್ಲಿ ಕೇಳಿದೆವು ಎಂಬ ಪ್ರಮಾಣಪತ್ರ ಲಗತ್ತಿಸಿದೆ.

ಉಳಿದದ್ದು ಬೇಗ ಮುಗಿಯಿತು. ದಂಪತಿ ಬರಲಿಲ್ಲ, ಶಿಶುಗೃಹದ ಸಂಸ್ಥೆಗೆ ಮುಖ್ತ್ಯಾರು ಕೊಟ್ಟಿದ್ದರು. ಸೆಕ್ಷನ್ 7ರ ನೇಮಕದ ಜೊತೆ ಸೆಕ್ಷನ್ 26ರ ಅನುಮತಿಯನ್ನೂ ಕೇಳಿದ್ದೆ. ಅದಿಲ್ಲದಿದ್ದರೆ ಪಾಲಕರೇ ಆದರೂ ಮಗುವನ್ನು ಆ ಕೋರ್ಟಿನ ಸರಹದ್ದು ದಾಟಿಸುವಂತಿಲ್ಲ. ಜೂನ್‌ನಲ್ಲಿ ಆದೇಶವಾಯಿತು.

ಈಗ ಆ ದಾರಿಯೇ ಇಲ್ಲ. ಬಾಲನ್ಯಾಯ ಕಾಯ್ದೆಯಡಿ ನೇರ ದತ್ತು ಆಗುತ್ತದೆ, 2022ರ ಸೆಪ್ಟೆಂಬರಿನಿಂದ ಆದೇಶ ಮಾಡುವವರು ಜಿಲ್ಲಾಧಿಕಾರಿ. ಪರದೇಶದವರು ತಮ್ಮ ದೇಶದ ಮಾನ್ಯತೆ ಪಡೆದ ಏಜೆನ್ಸಿ ಮೂಲಕ ದತ್ತು ವಿಚಾರದ ಕೇಂದ್ರ ಪ್ರಾಧಿಕಾರವಾದ ‘ಕಾರಾ’ಕ್ಕೆ ಅರ್ಜಿ ಹಾಕಬೇಕು. ಮಗು ದತ್ತಿಗೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮೇಲೂ 60 ದಿನ ಇಲ್ಲಿಯವರಿಗೆ, ಅನಿವಾಸಿ ಭಾರತೀಯರಿಗೇ ಮೊದಲ ಅವಕಾಶ. ಹೋದ ವರ್ಷ ಪರಿಚಯದ ಹೋಂಸ್ಟೇ ಮಾಲೀಕರೊಬ್ಬರು ಫೋನ್ ಮಾಡಿದ್ದರು. “ನಮ್ಮ ಗೆಸ್ಟಿಗೆ ಲೈನ್‌ಮನೆ ಪಾಪು ಬಹಳ ಹಿಡಿಸಿಬಿಟ್ಟಿದೆ, ತಾಯಿಯೂ ಒಪ್ಪಿದ್ದಾಳೆ, ಒಂದು ಅಗ್ರಿಮೆಂಟ್ ಮಾಡಿಕೊಡ್ತೀರಾ?” ಛಾಪಾಕಾಗದದ ಮೇಲೆ ಮಗು ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಮೂರು ವರ್ಷದವರೆಗೆ ಜೈಲು, ದುಡ್ಡು ಕೈ ಬದಲಾದರೆ ಐದು ವರ್ಷದವರೆಗೆ ಅಂದೆ. ಫೋನ್ ಇಟ್ಟರು.

ಆ ಹಳೆಯ ಕೇಸಿನ ಬಾಂಡ್ ಬಿಡಿಸಿಕೊಳ್ಳಲು ಜರ್ಮನಿಯ ದತ್ತು ಆದೇಶದ ಪ್ರತಿ 1999ರ ಕೊನೆಗೆ ಬಂತು. ಜರ್ಮನ್ ಓದಬಲ್ಲವರನ್ನು ಹುಡುಕಿ ಕೊನೆಗೆ ವಿರಾಜಪೇಟೆಯಲ್ಲಿ ನಿವೃತ್ತ ಸಿಸ್ಟರ್ ಒಬ್ಬರು ಸಿಕ್ಕಿದರು. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಬಿಡಿಸಿ ಹೇಳಿದರು. ಮಗುವಿನ ಹೊಸ ಹೆಸರು, ತಾಯಿ ತಂದೆಯ ಹೆಸರು, ಆಮೇಲೆ “ಹುಟ್ಟಿದ ಊರು, ಮರ್ಕಾರ” ಎಂದರು, ಮಡಿಕೇರಿಯ ಹಳೆಯ ಹೆಸರು.

“ಹುಟ್ಟಿದ ಊರಲ್ಲ ಸಿಸ್ಟರ್, ಸಿಕ್ಕಿದ್ದು ಅಲ್ಲಿ. ಅದೂ ಮಡಿಕೇರಿಯಲ್ಲಲ್ಲ, ಸುಂಟಿಕೊಪ್ಪದ ಹತ್ತಿರ. ನಾವು ಹಾಗೇ ಬರೆದು ಕೊಟ್ಟಿದ್ದೆವು.”

“ಇಲ್ಲಿ ಹುಟ್ಟಿದ ಊರು ಅಂತಲೇ ಇದೆ” ಎಂದು ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ತರ್ಜುಮೆಯಲ್ಲಿ ಹಾಗೆಯೇ ಬರೆಸಿ ಕೋರ್ಟಿಗೆ ಹಾಕಿದೆ.